ಬೇಸಿಗೆಗೊಂದು ಆಯಿಲ್, ಚಳಿಗೊಂದು ಆಯಿಲ್ ಬೇಕೇ?

ಬಿಸಿಲು ಏರುತ್ತಿದ್ದಂತೆ ಲಾರಿಯ 15ಡಬ್ಲ್ಯೂ-40 ಆಯಿಲ್ ಇಳಿಸಿ, ಇನ್ನೂ ಗಟ್ಟಿ ಇರಲಿ ಎಂದು 20ಡಬ್ಲ್ಯೂ-50 ತುಂಬಿಸುವ ರೂಢಿ ಇದೆ. ಕಂಪನಿಯ ಕೈಪಿಡಿ ಕೇಳದಿದ್ದರೆ ಇದು ಬೇಡದ ಕೆಲಸ. ಎಂಜಿನ್ ತಣಿಸುವ ದ್ರವವಾದ ಕೂಲಂಟಿನ ಬಿಸಿಯನ್ನು ಥರ್ಮೋಸ್ಟಾಟ್ ವಾಲ್ವ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ಆಯಿಲ್ ಕೂಲರ್‌ನಲ್ಲಿ ಆಯಿಲನ್ನು ತಣಿಸುವುದೂ ಅದೇ ಕೂಲಂಟ್. ಹಾಗಾಗಿ ಹೊರಗೆ 10 ಡಿಗ್ರಿ ಇರಲಿ, 40 ಇರಲಿ, ಲೋಡ್ ಎಳೆಯುವ ಎಂಜಿನ್ನಿನ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಋತುವಿನೊಂದಿಗೆ ಬದಲಾಗುವುದು ಬೆಳಗಿನ ಮೊದಲ ಸ್ಟಾರ್ಟ್.

ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಆ ಸ್ಟಾರ್ಟಿಗೆ ಸಂಬಂಧಿಸಿದ್ದು. ಆಯಿಲಿನ ಗ್ರೇಡ್ ನಿರ್ಧರಿಸುವ ಎಸ್‌ಎಇ ಜೆ300 ಮಾನದಂಡದಲ್ಲಿ ಕ್ರ್ಯಾಂಕಿಂಗ್ ಪರೀಕ್ಷೆ (ತಣ್ಣನೆಯ ಎಂಜಿನ್ ತಿರುಗಿಸಲು ಆಯಿಲ್ ಎಷ್ಟು ಅಡ್ಡಿ ಎಂಬುದರ ಅಳತೆ) 15ಡಬ್ಲ್ಯೂಗೆ -20, 10ಡಬ್ಲ್ಯೂಗೆ -25, 5ಡಬ್ಲ್ಯೂಗೆ -30, 0ಡಬ್ಲ್ಯೂಗೆ -35 ಡಿಗ್ರಿಯಲ್ಲಿ ನಡೆಯುತ್ತದೆ. ಇವು ಹೊಸ ಆಯಿಲಿನ ಕೊನೆಯ ಮಿತಿಗಳು. ಮಸಿ ಸೇರಿದ ಆಯಿಲ್ ಇನ್ನೂ ಗಟ್ಟಿ. ಕನಿಷ್ಠ 5 ಡಿಗ್ರಿ ಅಂತರ ಬಿಟ್ಟುಕೊಳ್ಳಿ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ತಿಂಗಳ ಸರಾಸರಿಯನ್ನಲ್ಲ, ಗಾಡಿ ರಾತ್ರಿ ನಿಲ್ಲುವ ಜಾಗದ ಅತಿ ತಣ್ಣನೆಯ ಬೆಳಗನ್ನು.

ಸ್ಟಾರ್ಟರ್ ತಿರುಗಿಸಿತೆಂದ ಮಾತ್ರಕ್ಕೆ ಅಪಾಯ ಕಳೆಯಿತು ಎಂದಲ್ಲ. ಚಳಿಗೆ ಹೆಪ್ಪುಗಟ್ಟಿದ ಆಯಿಲನ್ನು ಪಂಪ್ ಒಂದೆರಡು ಗುಟುಕು ಎಳೆಯುತ್ತದೆ. ಪಂಪ್ ಆಯಿಲ್ ಎಳೆಯುವ ಜಾಲರಿಯ ಸುತ್ತ ಕುಳಿ ಬಿದ್ದು ಮುಂದೆ ಬರೀ ಗಾಳಿ. ಕೆಳಗಿನ ಚೇಂಬರ್ (ಆಯಿಲ್ ತೊಟ್ಟಿ) ತುಂಬ ಆಯಿಲ್ ಇದ್ದರೂ ಮೊದಲು ಒಣಗುವುದು ಟರ್ಬೊ ಬೇರಿಂಗ್. 15 ಸೆಕೆಂಡಿನಲ್ಲಿ ಪ್ರೆಷರ್ ಕಾಣದಿದ್ದರೆ ಎಂಜಿನ್ ಆಫ್ ಮಾಡಿ. ಪ್ರೆಷರ್ ಬಂದರೂ ಗಟ್ಟಿ ಆಯಿಲ್ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆಸಿ, ಸೋಸದೆಯೇ ಬೇರಿಂಗಿಗೆ ಹೋಗಬಹುದು. ಆಯಿಲ್ ಬಿಸಿಯಾಗುವ ತನಕ ಆಕ್ಸಿಲರೇಟರ್ ಒತ್ತದಿರುವುದು ಅದಕ್ಕೇ.

ಡಬ್ಲ್ಯೂ ನಂತರದ ಅಂಕಿ ಬಿಸಿ ಆಯಿಲಿನದು. ಆಯಿಲಿನ ಗಟ್ಟಿತನವನ್ನು ಸೆಂಟಿಸ್ಟೋಕ್‌ನಲ್ಲಿ ಅಳೆಯುತ್ತಾರೆ. 40 ಎಂದರೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ಗಿಂತ ಕೆಳಗೆ, 30 ಎಂದರೆ 9.3ರಿಂದ 12.5ಕ್ಕಿಂತ ಕೆಳಗೆ. ಇಲ್ಲೊಂದು ಬಲೆಯಿದೆ: 10ಡಬ್ಲ್ಯೂ-30 ಎಂದು ಬರೆದ ಎರಡು ಡಬ್ಬಿ ಒಂದೇ ಅಲ್ಲ. ಡೀಸೆಲ್ ಎಂಜಿನ್ ಆಯಿಲಿಗೆ ಎಪಿಐ ಸಂಸ್ಥೆಯ ಸಿಕೆ-4, ಎಫ್‌ಎ-4 ಎಂಬ ಎರಡು ದರ್ಜೆಗಳಿವೆ. 150 ಡಿಗ್ರಿಯಲ್ಲಿ ಆಯಿಲನ್ನು ಕಿರಿದಾದ ಸಂದಿನಲ್ಲಿ ವೇಗವಾಗಿ ಉಜ್ಜಿ ಗಟ್ಟಿತನ ಅಳೆಯುವ ಪರೀಕ್ಷೆಯಲ್ಲಿ ಸಿಕೆ-4 ಆಯಿಲಿಗೆ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ಬೇಕು, ಎಫ್‌ಎ-4ಗೆ 2.9ರಿಂದ 3.2 ಮಾತ್ರ. ಎಫ್‌ಎ-4 ಡೀಸೆಲ್ ಉಳಿಸುತ್ತದೆ ನಿಜ, ಆದರೆ ಅದಕ್ಕೆಂದೇ ವಿನ್ಯಾಸವಾಗದ ಹಳೆ ಎಂಜಿನ್ನಿಗೆ ಹಾಕಿದರೆ ಬೇರಿಂಗಿನ ಆಯಿಲ್ ಪದರ ತೆಳ್ಳಗಾಗುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಗಾಡಿ ನಿಂತು ಎಂಜಿನ್ ಓಡುವಾಗಿನ (ಐಡ್ಲಿಂಗ್) ಆಯಿಲ್ ಪ್ರೆಷರ್ ಬೀಳುವುದೇಕೆ? ಮೊದಲು ಮೆಕ್ಯಾನಿಕಲ್ ಗೇಜ್ ಕಟ್ಟಿ ನೋಡಿ, ಸೆನ್ಸರ್ ಸುಳ್ಳು ಹೇಳುವುದುಂಟು. ನಂತರ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಟಾಪ್‌ಅಪ್ ಮಾಡದೆಯೇ ಮಟ್ಟ ಏರಿದ್ದರೆ ಡೀಸೆಲ್ ಬೆರೆತಿರಬಹುದು: ಸೋರುವ ಇಂಜೆಕ್ಟರ್ ಇರಬಹುದು, ಇಲ್ಲವೇ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಲು ಸಿಲಿಂಡರಿನಲ್ಲೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುವ ಎಂಜಿನ್ನಿನಲ್ಲಿ ಆ ಕೆಲಸ ಪದೇ ಪದೇ ನಡುವೆ ನಿಂತಿರಬಹುದು. ಆಯಿಲಿಗೆ ಸೇರಿದ್ದು ಕೂಲಂಟೂ ಆಗಿರಬಹುದು, ಅದರ ಮಟ್ಟ ಇಳಿದಿದೆಯೇ ಎಂಬುದನ್ನೂ ನೋಡಿ. 50 ಗ್ರೇಡ್ ಹಾಕಿದರೆ ಗೇಜಿನ ಮುಳ್ಳು ಮೇಲೇಳುತ್ತದೆ, ಇಂಜೆಕ್ಟರ್ ಸೋರುತ್ತಲೇ ಇರುತ್ತದೆ.

ಅನುಮಾನ ಇದ್ದರೆ ಲ್ಯಾಬಿಗೆ ಸ್ಯಾಂಪಲ್ ಕಳಿಸಿ. ಎಂಜಿನ್ ಬಿಸಿ ಇದ್ದಾಗಲೇ, ಡ್ರೈನ್ ಧಾರೆಯ ಮೊದಲ ಭಾಗ ಬಿಟ್ಟು ನಡುವಿನದನ್ನು ಒಣಗಿದ ಬಾಟಲಿಗೆ ಹಿಡಿಯಿರಿ. 100 ಡಿಗ್ರಿಯಲ್ಲಿ 15ಡಬ್ಲ್ಯೂ-40 ಆಯಿಲ್ 12.5 ಸೆಂಟಿಸ್ಟೋಕ್‌ಗಿಂತ ಕೆಳಗಿಳಿದಿದ್ದರೆ ವರದಿಯಲ್ಲಿ ಡೀಸೆಲ್ ಅಂಶವೆಷ್ಟು ನೋಡಿ. ಅದು ಇಲ್ಲದಿದ್ದರೆ ಬಿಸಿಯಲ್ಲೂ ಆಯಿಲನ್ನು ಗಟ್ಟಿ ಇಡಲು ಬೆರೆಸಿದ ಪಾಲಿಮರ್ ತುಂಡಾಗಿ ತೆಳುವಾಗಿರುವ ಸಾಧ್ಯತೆ ಹೆಚ್ಚು.