ಡ್ರಮ್ಮಿನೊಳಗೆ ಬೀಳುತ್ತಲೇ ಇರುವ ಕೋಶ

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ಜೀವಕೋಶಗಳನ್ನು ತಿರುಗುವ ಪಾತ್ರೆಯಲ್ಲಿ ಬೆಳೆಸುತ್ತೇವೆ. ಯಾರೇ ಬರಲಿ, ಆ ಪಾತ್ರೆ ಇಟ್ಟಿರುವ ಇನ್‌ಕ್ಯುಬೇಟರ್, ಅಂದರೆ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಕೇಳುವುದು ಒಂದೇ. "ಮೇಡಂ, ಇದರೊಳಗೆ ಗ್ರಾವಿಟಿ ಇಲ್ಲಂತಲ್ರೀ?"

ಇದೆ ರೀ. ಪೂರ್ತಿ ಇದೆ.

ಮೊನ್ನೆ ಒಬ್ಬ ಎಂಎಸ್ಸಿ ಹುಡುಗ ಪ್ರಾಜೆಕ್ಟ್ ವರದಿಯ ತುಂಬಾ "ಶೂನ್ಯ ಗುರುತ್ವದಲ್ಲಿ ಬೆಳೆಸಲಾಯಿತು" ಅಂತ ಬರೆದು ತಂದಿದ್ದ. ಕೆಂಪು ಪೆನ್ನಿನಲ್ಲಿ ಹೊಡೆದು ಹೊಡೆದು ನನ್ನ ಕೈ ಸೋತಿತು.

ನಮ್ಮೂರಿನವರಿಗಾದರೂ ಇದು ಬೇಗ ತಿಳಿಯಬೇಕು. ಜೀನ್ಸ್ ವಾಷಿಂಗ್ ಯೂನಿಟ್‌ನ ಡ್ರಮ್ ನೋಡಿದ್ದೀರಿ ಅಲ್ವಾ? ಅದರಲ್ಲಿ ಖಾಲಿ ಜಾಗ ಇರುತ್ತದೆ. ಅದಕ್ಕೇ ಪ್ಯಾಂಟು ಮೇಲೆ ಹತ್ತಿ ದಪ್ಪಂತ ಬೀಳುತ್ತದೆ, ಜೊತೆಗಿರುವ ಕಲ್ಲು ಉಜ್ಜಿ ಬಣ್ಣ ತೆಗೆಯುತ್ತದೆ. ನಮ್ಮದೂ ಅಡ್ಡ ಮಲಗಿಸಿದ ಡ್ರಮ್ಮೇ, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಆದರೆ ಅಂಚಿನವರೆಗೂ ದ್ರವ ತುಂಬಿರುತ್ತೇವೆ. ಆಮ್ಲಜನಕ ಸಿಲಿಕೋನ್ ಪೊರೆ ದಾಟಿ ಬರುತ್ತದೆ. ಪಾತ್ರೆ ತಿರುಗಿದರೆ ಒಳಗಿನ ದ್ರವವೂ ಗಟ್ಟಿ ಮುದ್ದೆಯ ಹಾಗೆ ಅದರ ಜೊತೆಗೇ ತಿರುಗುತ್ತದೆ. ಕೋಶ ಕೆಳಗೆ ಬೀಳುತ್ತಲೇ ಇರುತ್ತದೆ. ಅದು ಒಂಚೂರು ಇಳಿಯುವಷ್ಟರಲ್ಲಿ ದ್ರವ ಅದನ್ನು ಮೇಲಕ್ಕೆ ಹೊತ್ತು ತಂದಿರುತ್ತದೆ. ಕೋಶದ ಪಾಲಿಗೆ 'ಕೆಳಗೆ' ಅನ್ನೋದು ಗಳಿಗೆಗೊಂದು ದಿಕ್ಕು. ತಳ ಸಿಗುವುದೇ ಇಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಾದರೆ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಹರಡಿಕೊಳ್ಳುವ ಕೋಶಗಳು ಇಲ್ಲಿ ಒಂದನ್ನೊಂದು ಹಿಡಿದು ಉಂಡೆಯಾಗುತ್ತವೆ.

ಇನ್ನೊಮ್ಮೆ ಹೇಳುತ್ತೇನೆ, ಬೇಜಾರಾಗಬೇಡಿ. 400 ಕಿ.ಮೀ. ಮೇಲಿರುವ ಅಂತರಿಕ್ಷ ನಿಲ್ದಾಣದಲ್ಲೂ ಗುರುತ್ವ ನೆಲದ ಶೇ 90ರ ಹತ್ತಿರ ಇದೆ. ಅಲ್ಲಿನವರು ನಿಲ್ದಾಣದ ಜೊತೆಗೇ ಬೀಳುತ್ತಿರುತ್ತಾರೆ, ಅದಕ್ಕೇ ತೇಲುತ್ತಾರೆ. ನಮ್ಮ ಕೋಶ ದ್ರವವನ್ನು ಸೀಳಿಕೊಂಡು ಬೀಳುತ್ತದೆ. ಹಾಗೆ ಸವರಿ ಹೋಗುವ ದ್ರವವೇ ಅದಕ್ಕೆ ಆಹಾರ ಮುಟ್ಟಿಸುತ್ತದೆ. ಎರಡೂ ಒಂದೇ ಅಲ್ಲ. 1996-97ರಲ್ಲಿ ರಷ್ಯದ ಮಿರ್ ನಿಲ್ದಾಣದಲ್ಲಿ 4 ತಿಂಗಳು ಇಟ್ಟ ಕಾರ್ಟಿಲೇಜ್ (ಕೀಲುಗಳಲ್ಲಿರುವ ಮೆತ್ತನೆ ಎಲುಬು), ನೆಲದ ಮೇಲೆ ತಿರುಗುವ ಪಾತ್ರೆಯಲ್ಲಿ ಬೆಳೆದದ್ದಕ್ಕಿಂತ ದುಂಡಗೆ, ಚಿಕ್ಕದಾಗಿ, ಮೆತ್ತಗೆ ಆಗಿತ್ತು. ಅಂದರೆ ನೆಲದ್ದೇ ಗಟ್ಟಿ! ಅಷ್ಟಕ್ಕೂ ನಾಸಾದವರು 1980ರ ದಶಕದಲ್ಲಿ ಈ ಪಾತ್ರೆ ಮಾಡಿದ್ದು ಅಂತರಿಕ್ಷ ನೌಕೆ ಶಟಲ್ ಏರುವಾಗ, ಇಳಿಯುವಾಗ ಕೋಶಗಳಿಗೆ ಪೆಟ್ಟಾಗದಿರಲಿ ಅಂತ.

ಸಿರುಗುಪ್ಪದಿಂದ ಒಬ್ಬರು ಬಂದಿದ್ದರು. ತಾಯಿಗೆ ಮೊಣಕಾಲು ನೋವು. "ಒಂದು ಚಿಪ್ಪು ಬೆಳೆಸಿಕೊಡ್ರಿ ಮೇಡಂ, ಎಷ್ಟಾದರೂ ಆಗಲಿ." ಪಾತ್ರೆ ತೋರಿಸಿದೆ. ಒಳಗೆ ಸಾಸಿವೆಯಷ್ಟು ಬಿಳಿ ಕಾಳುಗಳು. ರಕ್ತನಾಳ ಇಲ್ಲದ ಕಡೆ ಆಮ್ಲಜನಕ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಆಳಕ್ಕಷ್ಟೇ ಹೋಗುತ್ತದೆ. ಕೋಶದ ಬಗೆ ನೋಡಿಕೊಂಡು ಹೆಚ್ಚುಕಮ್ಮಿ ಆಗಬಹುದು, ಆದರೂ ಉಂಡೆ ದಪ್ಪವಾದಷ್ಟೂ ನಡುವಿನವು ಸಾಯುತ್ತವೆ. ಸದ್ಯಕ್ಕೆ ಮೂಳೆ ಡಾಕ್ಟರೇ ಸರಿ ಅಂದೆ. ಪಾಪ, ಬರುವಾಗ ಒಂದು ಚೀಲ ಸೋನಾ ಮಸೂರಿ ಬೇರೆ ತಂದಿದ್ದರು. ವಾಪಸ್ ಕಳಿಸುವಷ್ಟರಲ್ಲಿ ಸಾಕಾಯಿತು.

ಗ್ರಾವಿಟಿ ಇಲ್ಲ ಅಂದುಕೊಂಡವರು ಮಾಡುವ ತಪ್ಪೂ ಒಂದೇ ಥರ. ಸ್ಪೀಡ್ ಒಮ್ಮೆ ಇಟ್ಟು ಮರೆಯುತ್ತಾರೆ. ಉಂಡೆ ದೊಡ್ಡದಾದ ಹಾಗೆ ಜೋರಾಗಿ ಬೀಳುತ್ತದೆ, ಅದಕ್ಕೆ ತಕ್ಕಂತೆ ಸುತ್ತು ಹೆಚ್ಚಿಸಬೇಕು. ಜಾಸ್ತಿಯಾದರೆ ಗೋಡೆಗೆ ಎಸೆಯುತ್ತದೆ. ಇನ್ನೊಂದು, ಗುಳ್ಳೆ. ಅದೇ ಎಂಎಸ್ಸಿ ಹುಡುಗ ಬಟಾಣಿಯಷ್ಟು ಗುಳ್ಳೆ ಬಿಟ್ಟು ಮನೆಗೆ ಹೋಗಿದ್ದ. "ಇಷ್ಟೇ ಇದೆ ಅಲ್ವಾ ಮೇಡಂ?" ಪಾತ್ರೆ ತಿರುಗುತ್ತಿದ್ದರೂ ಗುಳ್ಳೆ ನೆತ್ತಿ ಬಿಟ್ಟು ಕದಲಲಿಲ್ಲ. ದ್ರವ ರಾತ್ರಿಯಿಡೀ ಅದಕ್ಕೆ ಉಜ್ಜಿಕೊಂಡು ಹೋಯಿತು. ಬೆಳಗ್ಗೆ ನೋಡಿದರೆ ಉಂಡೆಗಳೆಲ್ಲ ಚೂರು, ದ್ರವ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಮೂರು ವಾರದ ಕೆಲಸ.

ಈಗ ಅವನು ಎರಡು ಸಿರಿಂಜ್ ಹಿಡಿದು, ಒಂದರಿಂದ ದ್ರವ ತಳ್ಳುತ್ತಾ ಇನ್ನೊಂದರಿಂದ ಗಾಳಿ ಎಳೆಯುತ್ತಾ, ಗುಳ್ಳೆ ಪೂರ್ತಿ ಹೋಗುವವರೆಗೂ ಕೂರುತ್ತಾನೆ. ವರದಿಯಲ್ಲಿ ಮಾತ್ರ ಇನ್ನೂ ಎರಡು ಕಡೆ 'ಶೂನ್ಯ ಗುರುತ್ವ' ಉಳಿದಿದೆ.