ಸಂಬಳ ಅಲ್ಲ, ಗೌರವಧನ

ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಎನ್‌ಜಿಓ ಕೆಲಸ ಮಾಡುವವರನ್ನು ಸುಮ್ನೆ ಮಾತಾಡಿಸಿ ನೋಡಿ. ಹಳ್ಳಿ, ಸಂಘದ ಹೆಂಗಸರು, ಶಾಲೆ ಮಕ್ಕಳು ಅಂತ ಒಂದು ಗಂಟೆ ಖುಷಿಯಾಗಿ ಹೇಳುತ್ತಾರೆ. ಮಾರ್ಚ್‌ಗೆ ಯೋಜನೆಯ ಹಣ ಮುಗಿದ ಮೇಲೆ ಏನು ಅಂದರೆ ಮಾತು ನಿಲ್ಲುತ್ತದೆ. ನಾನೂ ಆರು ವರ್ಷ ಹಾಗೇ ಇದ್ದವನು. 11 ತಿಂಗಳಿಗೊಂದು ಆರ್ಡರ್, ಅದರಲ್ಲಿ ಸಂಬಳ ಅನ್ನುವ ಪದವೇ ಇಲ್ಲ, ಗೌರವಧನ!

ಮೊದಲು ಹೀಗಿರಲಿಲ್ಲ. ಬಾಗೇಪಲ್ಲಿಯಲ್ಲಿ ಆಡಾಟ್ಸ್ ಅನ್ನುವ ಎನ್‌ಜಿಓ ಶುರುವಾಗಿದ್ದು 1977ರಲ್ಲಿ. ಆಗ ಚಿಕ್ಕಬಳ್ಳಾಪುರ ಜಿಲ್ಲೆಯೇ ಇರಲಿಲ್ಲ, 2007ರವರೆಗೆ ಎಲ್ಲ ಕೋಲಾರವೇ. ಕೂಲಿಯವರ ಸಂಘ ಕಟ್ಟುವ ಕೆಲಸ, ವರ್ಷದೊಳಗೆ ರಿಸಲ್ಟ್ ತೋರಿಸಿ ಅಂದರೆ ಆಗುವಂಥದ್ದಲ್ಲ. 1968ರಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ 80ರ ದಶಕದಲ್ಲಿ ಚಿಕ್ಕ ಚಿಕ್ಕ ಸ್ವಸಹಾಯ ಗುಂಪು ಮಾಡಿ ತೋರಿಸಿತು. 1992ರಲ್ಲಿ ಕೃಷಿ-ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು. ಮುಂದೆ ಕಿರುಸಾಲ ಕಂಪನಿಗಳೂ ಬಂದವು, ಮನೆ ಮನೆ ಗೊತ್ತಿದ್ದ ಹುಡುಗರು ಅವರಿಗೂ ಬೇಕಿತ್ತು. ಕೆಲವರು ಹೋದರು. ತಪ್ಪು ಅನ್ನೋಕಾಗಲ್ಲ, ಮನೆ ಬಾಡಿಗೆ ಕಟ್ಟಬೇಕಲ್ವಾ.

ಕೆಲಸ ಸಡಿಲವಾಗಿದ್ದು ದುಡ್ಡು ಬರುವ ದಾರಿ ಬದಲಾದಾಗ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ 2% ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಕೊಡಬೇಕಾಯಿತು. ಹಣ ಬಂತು ನಿಜ, ಆದರೆ ಕಂಪನಿಯ ಲೆಕ್ಕ ವರ್ಷದ್ದು, ಹಾಗಾಗಿ ನಮ್ಮ ಕೆಲಸವೂ ವರ್ಷದ್ದಾಯಿತು. ಹಗಲು ಹಳ್ಳಿ, ರಾತ್ರಿ ಆ್ಯಪ್‌ಗೆ ಫೋಟೋ ಹಾಕೋದು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ಖರ್ಚಿನ ಮಿತಿ 50%ನಿಂದ 20%ಗೆ ಇಳಿಯಿತು. ಅದಕ್ಕಿಂತ ಜಾಸ್ತಿ ಹೊಡೆತ ಇನ್ನೊಂದು: ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯ ಹಣದಲ್ಲೇ ನಡೆಯುತ್ತಿದ್ದ ತಾಲ್ಲೂಕಿನ ಪುಟ್ಟ ಆಫೀಸು ಏನು ಮಾಡಬೇಕು?

ಕಾನೂನು ಕೂಡ ನಮ್ಮನ್ನು ಒಮ್ಮೆ ಒಳಗೆ ಕರೆದು ಮತ್ತೆ ಹೊರಗೆ ಕಳಿಸಿತು. 1978ರಲ್ಲಿ ಬೆಂಗಳೂರು ಜಲಮಂಡಳಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 'ಉದ್ದಿಮೆ' ಅನ್ನುವ ಪದವನ್ನು ಎಷ್ಟು ಅಗಲ ಮಾಡಿತು ಅಂದರೆ, ಜನರನ್ನು ಕೆಲಸಕ್ಕಿಟ್ಟುಕೊಂಡ ಸೇವಾಸಂಸ್ಥೆಗಳೂ ಅದರೊಳಗೆ ಬರಬಹುದಾಯಿತು. ಅಂದರೆ ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಒಂದು ದಾರಿ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ, ಬಹುಪಾಲು ಸಮಾಜಸೇವೆಯಲ್ಲೇ ತೊಡಗಿದ ಸಂಸ್ಥೆಗಳನ್ನು ಉದ್ದಿಮೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ತಮಾಷೆ ಏನಂದರೆ, ಅದೇ ದಿನ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಕಾಯದೆ, ಒಂದೇ ವರ್ಷಕ್ಕೆ ಗ್ರಾಚುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಅನ್ನುತ್ತದೆ.

ಒಂದು ವರ್ಷ ಅಂದರೆ 12 ತಿಂಗಳು. ನನ್ನ ಆರ್ಡರ್‌ಗಳು ಇನ್ನೂ ಬೀರುವಿನಲ್ಲಿವೆ, ಎಲ್ಲವೂ 11ರವು.