ಎಕ್ಸ್‌ರೇ ಹೊಡೆದಿದ್ದಕ್ಕೆ ಬಿರುಕು ಬರಲಿಲ್ಲ ಸ್ವಾಮಿ

ಮಳೆಗಾಲ ಶುರುವಾದರೆ ಸಾಕು, ತುಮಕೂರಿನ ಕೈಗಾರಿಕಾ ಪ್ರದೇಶಗಳಾದ ಅಂತರಸನಹಳ್ಳಿ, ವಸಂತನರಸಾಪುರದ ಶೆಡ್‌ಗಳಿಂದ, ವೆಲ್ಡ್‌ಗಳ ರೇಡಿಯಾಗ್ರಫಿ (ಒಳಗಿನ ದೋಷ ನೋಡುವ ಎಕ್ಸ್‌ರೇಯಂಥ ಪರೀಕ್ಷೆ) ಮಾಡುವ ನನಗೆ ಒಂದೇ ದೂರು. 'ಸಾರ್, ಶನಿವಾರ ಸಂಜೆ ವೆಲ್ಡಿಂಗ್ ಮುಗಿದ ಕೂಡಲೇ ರೇಡಿಯಾಗ್ರಫಿ ಮಾಡಿಸಿದ್ವಿ. ಫಿಲ್ಮ್ ಕ್ಲೀನ್ ಇತ್ತು. ಸೋಮವಾರ ನೋಡಿದರೆ ವೆಲ್ಡ್ ಪಕ್ಕದಲ್ಲೇ ಬಿರುಕು. ನಿಮ್ಮ ರೇಡಿಯೇಷನ್ನೇ ಪ್ಲೇಟ್ ಹಾಳು ಮಾಡಿದ್ದು!'

ಇಲ್ಲ. ಹತ್ತು ಸಲ ಹೇಳಿದ್ದೇನೆ, ಹನ್ನೊಂದನೇ ಸಲ ಹೇಳುತ್ತೇನೆ. ಬಿರುಕು ತಂದಿದ್ದು ಕಿರಣವಲ್ಲ, ಲೋಹದೊಳಗೆ ಸೇರಿಕೊಂಡ ಹೈಡ್ರೋಜನ್.

ನಾವು ತರುವ ಇರಿಡಿಯಂ-192 ಅನ್ನುವ ವಿಕಿರಣಶೀಲ ಲೋಹ ಗಾಮಾ ಕಿರಣ ಬಿಡುತ್ತದೆ. ಅದು ತನ್ನ ಶಕ್ತಿಯನ್ನು ಕೊಡುವುದು ಎಲೆಕ್ಟ್ರಾನ್‌ಗಳಿಗೆ. ಎಲೆಕ್ಟ್ರಾನ್ ತೀರಾ ಹಗುರ. ಗೋಲಿ ಹೊಡೆದು ಗುಂಡುಕಲ್ಲು ಉರುಳಿಸೋಕೆ ಆಗುತ್ತಾ? ಕಬ್ಬಿಣದ ಪರಮಾಣು ಕೂತ ಜಾಗ ಬಿಟ್ಟು ಕದಲುವುದಿಲ್ಲ. ಕಿರಣ ಹಾದುಹೋಗುತ್ತದೆ, ಫಿಲ್ಮ್ ಮೇಲೆ ನೆರಳು ಬೀಳುತ್ತದೆ, ಅಷ್ಟೇ.

ಕದಲಿಸುವುದು ನ್ಯೂಟ್ರಾನ್. ಎಲೆಕ್ಟ್ರಾನ್‌ಗಿಂತ ಸುಮಾರು 1,840 ಪಟ್ಟು ಭಾರ. ಅದು ಸಿಗುವುದು ಅಣು ರಿಯಾಕ್ಟರ್ ಒಳಗೆ, ನಮ್ಮ ಇರಿಡಿಯಂ ಡಬ್ಬಿಯಲ್ಲಲ್ಲ. ಸಿದ್ಧಗಂಗೆ ಜಾತ್ರೆಯ ರಶ್ ನೆನೆಸಿಕೊಳ್ಳಿ. ದೊಡ್ಡವರ ಕಾಲುಗಳ ಸಂದಿಯಲ್ಲಿ ನುಸುಳುವ ಹುಡುಗನೇ ಹೈಡ್ರೋಜನ್. ನ್ಯೂಟ್ರಾನ್ ಬಂದು ಯಾರನ್ನೋ ಗುದ್ದಿ ಆಚೆ ತಳ್ಳಿದರೆ ಒಂದು ಜಾಗ ಖಾಲಿ. ಹುಡುಗ ಅಲ್ಲೇ ಕೂತುಬಿಡುತ್ತಾನೆ. ಹೀಗೆ ನ್ಯೂಟ್ರಾನ್ ಏಟು ತಿಂದ ಲೋಹದಲ್ಲಿ ಹೈಡ್ರೋಜನ್ ಹೆಚ್ಚು ಸಿಕ್ಕಿಬೀಳುತ್ತದೆ, ಓಡಾಟ ನಿಧಾನವಾಗುತ್ತದೆ. ಲೋಹವೂ ಗಡುಸಾಗುತ್ತದೆ. ಕೈಗಾದಂಥ ಭಾರಜಲದ ರಿಯಾಕ್ಟರ್‌ಗಳಲ್ಲಿ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಿಗೆ ಹೈಡ್ರೋಜನ್ ದೊಡ್ಡ ಚಿಂತೆ. ಕೆನಡಾದ ಪಿಕರಿಂಗ್ ಅಣುಸ್ಥಾವರದಲ್ಲಿ 1983ರಲ್ಲಿ ಅಂಥ ಒಂದು ಕೊಳವೆ ಸೀಳಿತ್ತು. ಒಳಗೆ ಸೇರಿದ ಹೈಡ್ರೋಜನ್ ತಣ್ಣಗಿನ ಜಾಗದಲ್ಲಿ ಒಟ್ಟಾಗಿ, ಲೋಹದ ಜೊತೆ ಬೆರೆತು, ಗಾಜಿನಂತೆ ಪೆಡಸಾದ ಗುಳ್ಳೆಗಳಾಗಿತ್ತು.

ಆ ಕಥೆಯನ್ನು ಅರ್ಧ ಕೇಳಿಕೊಂಡವರೇ ನಮ್ಮ ಫಿಲ್ಮ್ ಹುಡುಗರನ್ನು ಬೈಯುವುದು!

ನಿಮ್ಮ ಪ್ಲೇಟಿಗೆ ಹೈಡ್ರೋಜನ್ ತಂದಿದ್ದು ಒದ್ದೆ ವೆಲ್ಡಿಂಗ್ ರಾಡು. ಆರ್ಕ್ ಬಿಸಿಗೆ ತೇವ ಒಡೆದು ಹೈಡ್ರೋಜನ್ ಕರಗಿದ ಲೋಹಕ್ಕೆ ಇಳಿಯುತ್ತದೆ. ತಣ್ಣಗಾದ ಮೇಲೆ ಮೆಲ್ಲಗೆ ಹರಿದು, ಎಲ್ಲಿ ಎಳೆತ ಜಾಸ್ತಿಯೋ, ಎಲ್ಲಿ ಲೋಹ ಗಡುಸೋ ಅಲ್ಲಿ ಸೇರುತ್ತದೆ. ಬಿರುಕು ಬರಲು ಗಂಟೆಗಳು ಬೇಕು, ಒಮ್ಮೊಮ್ಮೆ ಎರಡು ದಿನ. ಶನಿವಾರದ ಫಿಲ್ಮ್ ಕ್ಲೀನ್ ಇತ್ತು ಅಂದರೆ ಶನಿವಾರ ಕಾಣುವಂಥ ದೋಷ ಇರಲಿಲ್ಲ, ಅಷ್ಟೇ ಅರ್ಥ. ಹೈಡ್ರೋಜನ್ ಫಿಲ್ಮಿನಲ್ಲಿ ಕಾಣುವುದಿಲ್ಲ. ಕಿರಣಕ್ಕೆ ಅಡ್ಡವಾಗಿ ಮಲಗಿದ ಕೂದಲೆಳೆ ಬಿರುಕೂ ಕಾಣುವುದು ಕಷ್ಟ. ಗಡುಸು ಸ್ಟೀಲು, ದಪ್ಪ ಪ್ಲೇಟು ಆದರೆ 48 ಗಂಟೆ ಕಾಯಿರಿ, ಆಮೇಲೆ ಅಲ್ಟ್ರಾಸಾನಿಕ್ (ಶಬ್ದದ ಅಲೆ ಬಿಟ್ಟು ನೋಡುವ ಪರೀಕ್ಷೆ) ಕೂಡ ಮಾಡಿಸಿ. ಎಲ್ಲ ಜಾಬ್‌ಗೂ ಇದೇ ನಿಯಮ ಅಂತ ಹೇಳಲಾರೆ, ನಿಮ್ಮ ಡ್ರಾಯಿಂಗ್, ಕೋಡ್ (ವೆಲ್ಡಿಂಗ್ ನಿಯಮಗಳ ಪುಸ್ತಕ) ನೋಡಿಕೊಳ್ಳಿ.

ಹೋದ ಆಷಾಢದಲ್ಲಿ ಒಂದು ಶೆಡ್‌ಗೆ ಹೋಗಿದ್ದೆ. 7018 ಅನ್ನುವ ಕಡಿಮೆ ಹೈಡ್ರೋಜನ್ ವೆಲ್ಡಿಂಗ್ ರಾಡ್ ಪ್ಯಾಕೆಟ್ ಕಿಟಕಿ ಪಕ್ಕ ಬಾಯಿ ತೆರೆದು ಬಿದ್ದಿತ್ತು. 'ಓವನ್ ಇಲ್ವಾ?' ಅಂದೆ. 'ಇದೆ ಸಾರ್.' ಬಾಗಿಲು ತೆಗೆದರೆ ಒಳಗೆ ನಾಲ್ಕು ಊಟದ ಡಬ್ಬಿ, ಘಮಘಮ ಹುರುಳಿಕಾಳು ಸಾರು. ನಗು ಬಂತು, ಸಿಟ್ಟೂ ಬಂತು. ಅದು ರಾಡಿಗೆ, 300 ಡಿಗ್ರಿ ಮೇಲೆ ಬೇಯಿಸೋಕೆ ಅಂತ ಮತ್ತೆ ಪಾಠ ಶುರು ಮಾಡಿದೆ. ಹಿರಿಯ ವೆಲ್ಡರ್ ಎಲ್ಲ ಕೇಳಿ ತಲೆಯಾಡಿಸಿದರು.

'ಸರಿ ಸಾರ್. ಡಬ್ಬಿ ಎಲ್ಲಿಡೋದು?'